ಲ್ಯಾಪ್‌ಟಾಪ್‌ಗೆ ಸೌಂಡ್ ಕಾರ್ಡ್ ತಗೊಳೋಕೆ ಮುಂಚೆ ಚಾರ್ಜರ್ ಕಿತ್ತು ನೋಡಿ

ಹಳೇ ಕ್ಯಾಸೆಟ್‌ಗಳನ್ನ ಲ್ಯಾಪ್‌ಟಾಪ್‌ಗೆ ಹಾಕ್ಕೊಳೋಣ ಅಂತಿರೋರು, ಅದ್ರಲ್ಲೂ ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯೋರು ದಯವಿಟ್ಟು ಇದನ್ನ ಓದಿ. ಅಪ್ಪ ರೆಕಾರ್ಡ್ ಮಾಡಿಟ್ಟಿದ್ದ ತಾಳಮದ್ದಳೆ, ಯಕ್ಷಗಾನದ ಕ್ಯಾಸೆಟ್ ಒಂದು ಟ್ರಂಕ್ ತುಂಬ ಇದೆ ನಮ್ಮನೇಲಿ. ನಮ್ಮ ಕಡೆ ಮಳೆಗಾಲ ಗೊತ್ತಲ್ಲ, ಟೇಪ್ ಮೇಲೆ ಬಿಳಿ ಬೂಷ್ಟು ಕಾಣಿಸ್ಕೊಂಡಿತ್ತು, ಇನ್ನು ಬಿಟ್ರೆ ಸಿಗಲ್ಲ ಅಂತ ಶುರು ಮಾಡಿದ್ದು.

ಟೇಪ್ ಡೆಕ್‌ನಿಂದ ವೈರ್ ಹಾಕಿದ್ರೆ ಭಾಗವತರ ದನಿ ಹಿಂದೆ ಒಂದೇ ಸಮ ಗುಂಯ್ ಅನ್ನೋ ಸದ್ದು. ಶಿವಮೊಗ್ಗದ ಒಂದು ಅಂಗಡಿಗೆ ಹೋಗಿ ಎಲ್ಲಾ ಬಿಡಿಸಿ ಹೇಳಿದೆ, ಕ್ಯಾಸೆಟ್ ರೆಕಾರ್ಡ್ ಮಾಡ್ಬೇಕು, ಸ್ಟೀರಿಯೋ ಬೇಕು ಅಂತಾನೂ ಹೇಳಿದೆ. ಅವ್ರು ಲ್ಯಾಪ್‌ಟಾಪ್ ಆನ್ ಕೂಡ ಮಾಡ್ದೆ "ಒಳಗಿನ ಸೌಂಡ್ ಕಾರ್ಡ್ ವೀಕ್ ಆಗಿದೆ, ಇದು ಹಾಕಿ" ಅಂತ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ (ಲ್ಯಾಪ್‌ಟಾಪ್‌ಗೆ ಸದ್ದು ಒಳಗೆ ಹೊರಗೆ ಮಾಡೋ ಚಿಕ್ಕ ಡಬ್ಬಿ) ಕೈಗಿಟ್ರು, ಪ್ಯಾಕ್ ಮೇಲೆ ದೊಡ್ಡದಾಗಿ 7.1 ಚಾನೆಲ್, ಅಂದ್ರೆ ಎಂಟು ಸ್ಪೀಕರ್‌ಗೆ ಬೇರೆ ಬೇರೆ ಸದ್ದು, ಅಂತ ಬರೆದಿತ್ತು.

ಗುಂಯ್ ಒಂಚೂರೂ ಕಮ್ಮಿ ಆಗ್ಲಿಲ್ಲ. ಯಾಕಂದ್ರೆ ಅದು ಬರ್ತಿದ್ದಿದ್ದು ಚಾರ್ಜರ್‌ನಿಂದ. ಡೆಕ್ಕೂ ಲ್ಯಾಪ್‌ಟಾಪೂ ಎರಡೂ ಗೋಡೆ ಕರೆಂಟಿನಲ್ಲಿದ್ದಾಗ ಚಾರ್ಜರ್‌ನ ಸೋರಿಕೆ ಕರೆಂಟು ಆಡಿಯೋ ವೈರಿನ ಗ್ರೌಂಡ್ (ಕರೆಂಟು ವಾಪಸ್ ಹೋಗೋ ತಂತಿ) ಮೇಲೆ ಹರಿಯುತ್ತೆ, ಯುಎಸ್‌ಬಿ ಕಾರ್ಡಿನ ಗ್ರೌಂಡೂ ಅದೇ ಲ್ಯಾಪ್‌ಟಾಪ್‌ದೇ ಅಲ್ವಾ, ಹಾಗಾಗಿ ಕಾರ್ಡ್ ಬದಲಾಯಿಸಿದ್ರೆ ದಾರಿ ಬದಲಾಗಲ್ಲ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದ ತಕ್ಷಣ ಪೂರ್ತಿ ನಿಂತ್ಹೋಯ್ತು! ಅಂಗಡಿಯೋರು ಅಲ್ಲೇ ನಿಂತು ಹೇಳಬಹುದಾಗಿದ್ದ ಮಾತು ಇದು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಆ ಕಾರ್ಡಲ್ಲಿ ಇದ್ದಿದ್ದು ಒಂದು ಹೆಡ್‌ಫೋನ್ ತೂತು, ಒಂದು ಮೈಕ್ ತೂತು ಅಷ್ಟೇ, 7.1 ಅನ್ನೋದೆಲ್ಲ ಬರೀ ಸಾಫ್ಟ್‌ವೇರ್ ಆಟ. ಮೈಕ್ ತೂತು ಮೋನೋ, ಅಂದ್ರೆ ಎಡ ಬಲ ಬೇರೆ ಇಲ್ದೆ ಒಂದೇ ಚಾನೆಲ್, ಅದೂ ಮೈಕಿನ ಕೆಲವೇ ಮಿಲಿವೋಲ್ಟ್‌ಗೆ ಮಾಡಿದ್ದು. ಡೆಕ್‌ನ ಸದ್ದು ಹೊರಗೆ ಕೊಡೋ ಲೈನ್ ಔಟ್ ತೂತಿನಿಂದ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತೆ. ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ಜೂಮ್ ಮಾಡಿ ನೋಡಿದ್ರೆ ಚಂಡೆ ಪೆಟ್ಟು ಬಿದ್ದ ಕಡೆ ಎಲ್ಲಾ ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆ, ಕೇಳಿದ್ರೆ ಬರೀ ಪರಪರ. ಹಾಗೆ ಕತ್ತರಿಸಿಹೋದ ಸದ್ದನ್ನ ಆಮೇಲೆ ವಾಪಸ್ ತರೋಕಾಗಲ್ಲ. ಒಂದು ಕ್ಯಾಸೆಟ್ ಅಂತೂ ಎರಡನೇ ಸಲ ಹಾಕಿದಾಗ ಅಂಟ್ಕೊಂಡು ಹರಿದೇ ಹೋಯ್ತು, ಈಗ ಅದರದ್ದು ನನ್ನ ಹತ್ರ ಉಳಿದಿರೋದು ಆ ಪರಪರ ರೆಕಾರ್ಡಿಂಗ್ ಮಾತ್ರ. ವಾಪಸ್ ಕೊಡೋಕೆ ಹೋದ್ರೆ ಪ್ಯಾಕ್ ಒಡೆದಿದೆ ಆಗಲ್ಲ ಅಂದ್ರು.

ಬರೀ ಹಾಡು ಕೇಳೋದು, ಆನ್‌ಲೈನ್ ಕ್ಲಾಸು, ಮೀಟಿಂಗು ಇಷ್ಟಕ್ಕೆಲ್ಲ ಲ್ಯಾಪ್‌ಟಾಪ್ ಒಳಗಿರೋದೇ ಸಾಕು. ಜ್ಯಾಕ್ ಮುರಿದಿದ್ರೆ ಚಿಕ್ಕ ಯುಎಸ್‌ಬಿ ಕಾರ್ಡ್ ತಗೊಳ್ಳಿ ಪರವಾಗಿಲ್ಲ. ಕ್ಯಾಸೆಟ್‌ಗೆ ಮಾತ್ರ ಬೇರೆ ಬೇಕೇ ಬೇಕು, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರೋದು ಹೆಡ್‌ಸೆಟ್‌ನ ಒಂದೇ ತೂತು, ಅದರ ಮೈಕೂ ಮೋನೋನೇ. ಲೈನ್ ಇನ್ ಅಂತ ಬರೆದು ಕೆಂಪು ಬಿಳಿ ಎರಡು ತೂತು ಇರೋ ಡಬ್ಬಿನೇ ಕೇಳಿ, ನಾನೀಗ ಅದರಲ್ಲೇ ಮಾಡ್ತಿದ್ದೀನಿ, ಬ್ಯಾಟರಿ ಫುಲ್ ಮಾಡ್ಕೊಂಡು ಚಾರ್ಜರ್ ತೆಗೆದು. ಚಾರ್ಜರ್ ಹಾಕಲೇಬೇಕು ಅಂದ್ರೆ ಡೆಕ್ಕಿಗೂ ಈ ಡಬ್ಬಿಗೂ ಮಧ್ಯೆ ಗ್ರೌಂಡ್ ಲೂಪ್ ಐಸೋಲೇಟರ್ (ಎರಡರ ಗ್ರೌಂಡ್ ಬೇರೆ ಮಾಡೋ ಚಿಕ್ಕ ಸಾಧನ) ಹಾಕಿ. ಗುಂಯ್ ಹೋಗುತ್ತೆ ಅಂತ ಪ್ಲಗ್‌ನ ಅರ್ಥಿಂಗ್ ಪಿನ್ ಮಾತ್ರ ಯಾರು ಹೇಳಿದ್ರೂ ಕತ್ತರಿಸ್ಬೇಡಿ, ಶಾಕ್ ಹೊಡೆದ್ರೆ ಜೀವಕ್ಕೇ ಅಪಾಯ.