ಎಕ್ಕದ ಜೋಡಿ ಬಂದಾಗ: ಬಚ್ಚಿಟ್ಟು ಆಡೋದಾ, ಏರಿಸಿ ಆಡೋದಾ?

2022ರ ಮಳೆಗಾಲ. ಪುಣೆಯ ಕರ್ವೇನಗರದಲ್ಲಿ ನಾನು ಮತ್ತು ಶಿರಸಿ ಕಡೆಯ ಒಬ್ಬ ಗೆಳೆಯ ಒಂದೇ ರೂಮಿನಲ್ಲಿದ್ದೆವು. ರಾತ್ರಿ ಊಟ ಮುಗಿಸಿ ಇಬ್ಬರೂ ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದೆವು. ಒಬ್ಬೊಬ್ಬರ ಕೈಯಲ್ಲಿ ಗುಟ್ಟಾಗಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಟೇಬಲ್ಲಿಗೆ ಆರು ಜನ, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ದುಡ್ಡು) 1 ಮತ್ತು 2 ರೂಪಾಯಿ, ಕೂರುವಾಗ 200 ರೂಪಾಯಿ. ನಮ್ಮಿಬ್ಬರ ಜಗಳ ಮಾತ್ರ ದಿನಾ ಒಂದೇ. ಒಳ್ಳೆ ಎಲೆ ಬಂದಾಗ ಸದ್ದಿಲ್ಲದೆ ಕಾಲ್ ಮಾಡಿ, ಅಂದರೆ ಮೊದಲೇ ಹಾಕಿದಷ್ಟೇ ದುಡ್ಡು ಹಾಕಿ, ಉಳಿದವರನ್ನು ಬಲೆಗೆ ಬೀಳಿಸಬೇಕು ಅಂತ ನಾನು. ಮೊದಲೇ ದುಡ್ಡು ಏರಿಸಬೇಕು ಅಂತ ಅವನು.

ಮಾತಿನಲ್ಲಿ ತೀರುವ ಜಗಳ ಇದಲ್ಲ ಅನ್ನಿಸಿ ಎರಡನ್ನೂ ಆಡಿಯೇ ನೋಡಿದೆ. ಆರು ವಾರ ಬಚ್ಚಿಟ್ಟು, ಆರು ವಾರ ಏರಿಸಿ. ಎಕ್ಕ, ರಾಜ, ರಾಣಿಯ ಜೋಡಿಗಳು, ಜೊತೆಗೆ ಎಕ್ಕ-ರಾಜ. ಈ ನಾಲ್ಕು ಬಂದಾಗಲೆಲ್ಲ ಏನಾಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಇವು ನಾಲ್ಕೂ ಸೇರಿ 39 ಕೈಗೆ (ಒಂದು ಸಲ ಎಲೆ ಹಂಚಿದರೆ ಒಂದು ಕೈ) ಹೆಚ್ಚುಕಡಿಮೆ ಒಂದು ಸಲ ಬರುತ್ತವೆ. ಎಕ್ಕದ ಜೋಡಿ ಒಂದೇ ಆದರೆ 221ಕ್ಕೆ ಒಂದು ಸಲ. ಅಷ್ಟು ಅಪರೂಪಕ್ಕೆ ಬಂದಿದ್ದನ್ನು ಸುಮ್ನೆ ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಬಚ್ಚಿಟ್ಟು ಆಡಿದ ವಾರಗಳಲ್ಲಿ ಒಂದು ಕೈ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಎಕ್ಕ. ಮೊದಲು ಆಡುವ ಸರದಿ ನನ್ನದೇ. ಬರೀ 2 ರೂಪಾಯಿ ಹಾಕಿ ಕೂತೆ, ಹಿಂದಿನವರು ಯಾರಾದರೂ ಏರಿಸಲಿ ಅಂತ. ಯಾರೂ ಏರಿಸಲಿಲ್ಲ. ನನ್ನನ್ನೂ ಸೇರಿಸಿ ಐದು ಜನ ಆದೆವು, ಪಾಟ್ (ನಡುವೆ ಸೇರಿದ ದುಡ್ಡು) 10 ರೂಪಾಯಿ. ಫ್ಲಾಪಿನಲ್ಲಿ, ಅಂದರೆ ನಡುವೆ ಬೀಳುವ ಮೊದಲ ಮೂರು ಎಲೆಗಳಲ್ಲಿ, ಕಳಾವರ್ ಒಂಬತ್ತು, ಕಳಾವರ್ ಆರು, ಒಂದು ನಾಲ್ಕು. ನಾನು 8 ಹಾಕಿದೆ, ಇಬ್ಬರು ಕಾಲ್ ಮಾಡಿದರು. ಟರ್ನಿನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, ಎರಡು ಬಿತ್ತು. ನಾನು 25 ಹಾಕಿದ ಕೂಡಲೇ ಬಿಗ್ ಬ್ಲೈಂಡಿನವನು (2 ರೂಪಾಯಿ ಬ್ಲೈಂಡ್ ಹಾಕಿದ್ದವನು) 75ಕ್ಕೆ ಏರಿಸಿದ. ಎಕ್ಕದ ಜೋಡಿ ಬಿಡೋಕೆ ಮನಸ್ಸು ಬರಲಿಲ್ಲ. ರಿವರಿನಲ್ಲಿ, ಅಂದರೆ ಕೊನೆಯ ಐದನೇ ಎಲೆ ಬಿದ್ದಾಗ, ಅವನು ಆಲ್-ಇನ್, ಇದ್ದ ದುಡ್ಡೆಲ್ಲ ಹಾಕಿದ. ಉಳಿದಿದ್ದ 115 ರೂಪಾಯಿಯನ್ನೂ ತಳ್ಳಿದೆ. ಅವನು ತೋರಿಸಿದ್ದು ಒಂಬತ್ತು ಮತ್ತು ಆರು, ಎರಡು ಜೋಡಿ, ನನ್ನ ಒಂದು ಜೋಡಿಗಿಂತ ಮೇಲು.

ಮರುದಿನ ಅಮೃತತುಲ್ಯದ ಅಂಗಡಿಯಲ್ಲಿ ಚಹಾ ಕುಡಿಯುತ್ತ ಗೆಳೆಯ ಕೇಳಿದ, "ಮಾರಾಯ, ಒಂಬತ್ತು-ಆರು ಹಿಡ್ಕೊಂಡವನನ್ನ ಪುಕ್ಕಟೆ ಒಳಗೆ ಕರೆದವರು ಯಾರು?" ನಾನೇ ಕರೆದಿದ್ದೆ. 8 ರೂಪಾಯಿಗೆ ಏರಿಸಿದ್ದರೆ ಆ ಎಲೆ ಹಿಡಿದವನು ಬಹುಶಃ ಎಸೆದು ಹೋಗುತ್ತಿದ್ದ.

ವಿಷಯದ ತಿರುಳು ಇರುವುದು ಇಲ್ಲೇ. ಎದುರಿಗೆ ಯಾವುದೋ ಎಲೆ ಹಿಡಿದ ಒಬ್ಬನೇ ಇದ್ದು, ಆಟ ಕೊನೆತನಕ ಹೋದರೆ, ಎಕ್ಕದ ಜೋಡಿ 100ರಲ್ಲಿ 85 ಸಲ ಗೆಲ್ಲುತ್ತದೆ. ಇಬ್ಬರಿದ್ದರೆ 73ಕ್ಕೆ ಇಳಿಯುತ್ತದೆ. ಆ ರಾತ್ರಿಯ ಹಾಗೆ ನಾಲ್ವರಿದ್ದರೆ 56ರ ಆಸುಪಾಸು. ಎಲೆ ಅದೇ, ಅದರ ಬಲ ಮಾತ್ರ ಎದುರಿನ ತಲೆ ಎಣಿಸಿದಷ್ಟೂ ಕರಗುತ್ತದೆ. ಬಚ್ಚಿಟ್ಟು ಆಡುವವನು ಆ ತಲೆಗಳನ್ನು ತಾನೇ ಜಾಸ್ತಿ ಮಾಡುತ್ತಾನೆ, ಅದೂ ಪಾಟ್ ಚಿಕ್ಕದಾಗಿ ಇಟ್ಟುಕೊಂಡು. ನನ್ನ ನೋಟ್‌ಬುಕ್ಕಿನ ಆ ಪುಟಗಳಲ್ಲಿ ಗೆದ್ದ ಕೈಗಳೂ ಇದ್ದವು. ಆದರೆ ಹೆಚ್ಚಿನವು 10, 15 ರೂಪಾಯಿಯ ಗೆಲುವು. ಸೋತಿದ್ದು ಮಾತ್ರ ದೊಡ್ಡ ಮೊತ್ತ.

ಏರಿಸಿ ಆಡಿದ ವಾರಗಳಲ್ಲಿ ನನ್ನ ಹೆದರಿಕೆ ಬೇರೆ ಇತ್ತು. ಏರಿಸಿದ ಕೂಡಲೇ ಎಲ್ಲರೂ ಓಡಿಹೋದರೆ? ಇಷ್ಟು ಕಡಿಮೆ ದುಡ್ಡಿನ ಟೇಬಲ್ಲಿನಲ್ಲಿ ಹಾಗಾಗಿದ್ದು ಕಡಿಮೆ. ಅಲ್ಲಿನ ಜನ ಎಲೆ ಎಸೆಯೋಕೆ ಬಂದವರಲ್ಲ, ಫ್ಲಾಪ್ ನೋಡೋಕೆ ಬಂದವರು. ಎಲ್ಲರೂ ಓಡಿಹೋದರೂ ಬ್ಲೈಂಡ್ ಕೈಗೆ ಬರುತ್ತಿತ್ತು. ಫ್ಲಾಪ್ ಬೀಳದೆ ಮುಗಿದ ಕೈಗೆ ನಾವು ಆಡುತ್ತಿದ್ದ ಕಡೆ ರೇಕ್ (ಆಟ ನಡೆಸುವವರು ಪಾಟಿನಿಂದ ತೆಗೆಯುವ ಪಾಲು) ಕೂಡ ಇರಲಿಲ್ಲ.

ಒಂದು ಸಲ ರಾಜನ ಜೋಡಿ ಬಂತು. ನನಗಿಂತ ಮೊದಲು ಇಬ್ಬರು ಬರೀ 2 ರೂಪಾಯಿ ಹಾಕಿ ಬಂದಿದ್ದರು. ನಾನು 12ಕ್ಕೆ ಏರಿಸಿದೆ. ಒಬ್ಬ ಉಳಿದ, ಪಾಟ್ 29. ಫ್ಲಾಪಿನಲ್ಲಿ ಗುಲಾಮ, ಎಂಟು, ಮೂರು. 18 ಹಾಕಿದೆ, ಕಾಲ್. ಟರ್ನ್ ಐದು, 45 ಹಾಕಿದೆ, ಕಾಲ್. ರಿವರ್ ಎರಡು. ಉಳಿದ 125 ಅಷ್ಟೂ ಹಾಕಿದೆ. ಅವನು ಎಕ್ಕ-ಗುಲಾಮ ಹಿಡಿದು ಅದಕ್ಕೂ ಬಂದ. ಅವನ 200 ರೂಪಾಯಿ ಜೊತೆಗೆ ಇನ್ನು 5 ನನ್ನ ಪಾಲಿಗೆ, ಅದರಲ್ಲಿ ರೇಕ್ ಹೋಯಿತು ಬಿಡಿ. ಇದೇ ಕೈಯನ್ನು 2 ರೂಪಾಯಿಗೆ ಕಾಲ್ ಮಾಡಿ ಶುರುಮಾಡಿದ್ದರೆ, ಕೊನೆಗೆ ಇಷ್ಟು ದೊಡ್ಡ ಪಾಟ್ ಕಟ್ಟೋದು ಕಷ್ಟವಾಗುತ್ತಿತ್ತು.

ಎಷ್ಟಕ್ಕೆ ಏರಿಸಬೇಕು? ಬಿಗ್ ಬ್ಲೈಂಡಿನ ಮೂರು ಪಟ್ಟು, ಮೊದಲೇ ಸುಮ್ನೆ ಕಾಲ್ ಮಾಡಿದ ಪ್ರತಿಯೊಬ್ಬನಿಗೆ ಇನ್ನೊಂದು ಬಿಗ್ ಬ್ಲೈಂಡ್. ಇದು ಎಲ್ಲರೂ ಹೇಳುವ ಲೆಕ್ಕ. ನಾನು ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಏರಿಸುತ್ತಿದ್ದೆ. 6 ರೂಪಾಯಿಗೆ ಬರುವವರು 8ಕ್ಕೂ ಬರುತ್ತಿದ್ದರು.

ಆದರೆ ಏರಿಸುವ ಆಟಕ್ಕೂ ಒಂದು ರೋಗವಿದೆ. ಮೊದಲು ಏರಿಸಿದವನಿಗೆ ಆಮೇಲೆ ನಿಲ್ಲಿಸೋಕೆ ಆಗುವುದಿಲ್ಲ. ನನಗೆ ಅದು ಗೊತ್ತಾಗಿದ್ದು ಗುಲಾಮನ ಜೋಡಿಯಿಂದ. ಅದು ನನ್ನ ನಾಲ್ಕರಲ್ಲಿ ಇರಲಿಲ್ಲ, ಆದರೂ ಉಮೇದಿನಲ್ಲಿ ಸೇರಿಸಿಕೊಂಡಿದ್ದೆ. ಫ್ಲಾಪಿನಲ್ಲಿ ರಾಣಿ ಬಿತ್ತು. ಮೂರು ಸುತ್ತೂ ದುಡ್ಡು ಹಾಕಿದೆ, ಎದುರಿನವನ ಹತ್ತಿರ ರಾಣಿ ಇತ್ತು. ಗುಲಾಮನ ಜೋಡಿ ಹಿಡಿದಾಗ ಫ್ಲಾಪಿನಲ್ಲಿ ಅದಕ್ಕಿಂತ ದೊಡ್ಡ ಎಲೆ 100ರಲ್ಲಿ 57 ಸಲ ಬೀಳುತ್ತದೆ. ರಾಣಿಯ ಜೋಡಿಗೆ ಅದು 41, ರಾಜನಿಗೆ 23. ಎಕ್ಕ-ರಾಜ ಬಂದಾಗಲಂತೂ ಕೈಯಲ್ಲಿ ಇನ್ನೂ ಜೋಡಿಯೇ ಇರುವುದಿಲ್ಲ. ಮೂರು ಫ್ಲಾಪಿಗೆ ಒಂದರಲ್ಲಿ ಜೋಡಿ ಸಿಕ್ಕರೆ ಅದೃಷ್ಟ.

ಹಾಗಾಗಿ ಜಾಗ್ರತೆ ಬೇಡ ಅಂತ ನಾನು ಹೇಳುವುದಿಲ್ಲ. ಅದರ ಜಾಗ ಬೇರೆ, ಅದು ಫ್ಲಾಪಿನ ನಂತರ. ಇಡೀ ರಾತ್ರಿ ಬರೀ ಕಾಲ್ ಮಾಡುತ್ತಿದ್ದವನು ಟರ್ನಿನಲ್ಲೋ ರಿವರಿನಲ್ಲೋ ಇದ್ದಕ್ಕಿದ್ದಂತೆ ಏರಿಸಿದರೆ, ಒಂದೇ ಜೋಡಿ ಹಿಡಿದವನು ಎಲೆ ಎಸೆಯಬೇಕು. ಅದು ಎಕ್ಕದ ಜೋಡಿಯಾದರೂ ಸರಿ. ಆ ಟೇಬಲ್ಲಿನಲ್ಲಿ ಅಂಥವರು ಸುಳ್ಳು ಏರಿಸುವುದನ್ನು ನಾನು ನೋಡಿದ್ದು ತೀರಾ ಅಪರೂಪ. ಒಂಬತ್ತು-ಆರರವನು 75 ಹಾಕಿದಾಗಲೇ ನಾನು ಎದ್ದಿದ್ದರೆ ಹೋಗುತ್ತಿದ್ದದ್ದು 35 ರೂಪಾಯಿ ಮಾತ್ರ.

2025ರ ಆಗಸ್ಟಿನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂತು, ನಮ್ಮ ಆ ಟೇಬಲ್ ಅಲ್ಲಿಗೆ ಮುಗಿಯಿತು. ಈಗ ಭಾನುವಾರ ರೂಮಿನಲ್ಲೇ ಹುಣಸೆ ಬೀಜ ಹಂಚಿಕೊಂಡು ಆಡುತ್ತೇವೆ. ಒಳ್ಳೆ ಎಲೆ ಬಂದರೆ ನಾನು ಏರಿಸುತ್ತೇನೆ.

ಬಚ್ಚಿಟ್ಟು ಆಡಿದ್ದು ಫಲ ಕೊಟ್ಟ ರಾತ್ರಿಯೂ ಒಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಎಡಗಡೆ ಕೂತಿದ್ದವನು ಬಂದ ಎಲೆಗೆಲ್ಲ 10 ರೂಪಾಯಿಗೆ ಏರಿಸುತ್ತಿದ್ದ. ಎಕ್ಕದ ಜೋಡಿ ಬಂದಾಗ ನಾನು 2 ರೂಪಾಯಿ ಹಾಕಿದೆ. ಅವನು 10 ಮಾಡಿದ, ಇಬ್ಬರು ಕಾಲ್ ಮಾಡಿದರು, ನಾನು 50 ಮಾಡಿದೆ. ಅವನು ಎಲ್ಲವನ್ನೂ ತಳ್ಳಿದ, ಉಳಿದಿಬ್ಬರು ಎಸೆದರು, ನಾನು ಕಾಲ್ ಮಾಡಿದೆ, ಪಾಟ್ ನನ್ನದಾಯಿತು. ಅಲ್ಲಿ ಏರಿಸುವ ಕೆಲಸ ನನಗಾಗಿ ಅವನೇ ಮಾಡುತ್ತಿದ್ದ. ಅವನು ಎದ್ದು ಹೋದ ಮೇಲೆ ನಾನು ಮತ್ತೆ ಮೊದಲಿನಿಂದಲೇ 8ಕ್ಕೆ ಏರಿಸತೊಡಗಿದೆ.