ವಾಯುಪಡೆ ಮಾರ್ಗದರ್ಶನ ಶಿಬಿರ, ಕಾರವಾರ: ಬೆಳಗಿನ ಅವಧಿಗಾಗಿ ಹೋಗಬಹುದು

ಕಾರವಾರದ ಖಾಸಗಿ ತರಬೇತಿ ಕೇಂದ್ರವೊಂದು ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗಾಗಿ ನಡೆಸಿದ ಒಂದು ದಿನದ ಶಿಬಿರಕ್ಕೆ ಮಗಳ ಜೊತೆ ಹೋಗಿದ್ದೆ. ಕದಂಬ ನೌಕಾನೆಲೆಯನ್ನು ನೋಡುತ್ತಲೇ ಬೆಳೆಯುವ ನಮ್ಮೂರಿನ ಮಕ್ಕಳಿಗೆ ಸೇನೆ ಎಂದರೆ ನೌಕಾಪಡೆಯೇ. ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಬಳಿ ನಿಲ್ಲಿಸಿರುವ ಟುಪೊಲೆವ್ ಕೂಡ 2017ರವರೆಗೆ ನೌಕಾಪಡೆಯಲ್ಲಿದ್ದ ವಿಮಾನ. ಹೀಗಿರುವಾಗ ವಾಯುಪಡೆಯಲ್ಲಿ ದುಡಿದವರೊಬ್ಬರ ಮಾತು ಇಲ್ಲಿ ಕೇಳಸಿಗುವುದು ಅಪರೂಪ.

ಬೆಳಗಿನ ಅವಧಿಯನ್ನು ನಡೆಸಿಕೊಟ್ಟವರು ನಿವೃತ್ತ ಏರ್ ವೈಸ್ ಮಾರ್ಷಲ್, ಅಂದರೆ ಭೂಸೇನೆಯ ಮೇಜರ್ ಜನರಲ್‌ಗೆ ಸಮಾನ ಹುದ್ದೆಯವರು. ಎಎನ್-32 ಮತ್ತು ಐಎಲ್-76 ಸಾರಿಗೆ ವಿಮಾನಗಳಲ್ಲೇ ಸೇವೆಯ ಬಹುಭಾಗ ಕಳೆದ ಅವರು ಯುದ್ಧವಿಮಾನದ ರೋಮಾಂಚನವನ್ನು ಹುಡುಕಿ ಬಂದಿದ್ದವರನ್ನು ನಿರಾಸೆಗೊಳಿಸಿದ್ದರೆ ಆಶ್ಚರ್ಯವಿಲ್ಲ. ನನಗಂತೂ ಅದೇ ಹಿಡಿಸಿತು. ಹತ್ತು ಸಾವಿರ ಅಡಿಗೂ ಎತ್ತರದಲ್ಲಿರುವ ಲೇಹ್‌ನಲ್ಲಿ ಗಾಳಿ ವಿರಳವಾಗಿರುವುದರಿಂದ ಎಂಜಿನ್ನಿನ ಬಲವೂ ರೆಕ್ಕೆ ಎತ್ತಬಲ್ಲ ಭಾರವೂ ಕುಗ್ಗುತ್ತವೆ, ಬಿಸಿಲೇರಿದಂತೆ ಅದು ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಬೆಳಗಿನಲ್ಲೇ ಇಳಿದು ಸರಕನ್ನು ಖಾಲಿ ಮಾಡಿ ಮರಳಬೇಕು, ಇಲ್ಲವೇ ಹೊರೆಯನ್ನು ಕಡಿಮೆ ಮಾಡಿಕೊಳ್ಳಬೇಕು ಎಂಬುದನ್ನು ಅವರು ಹಲಗೆಯ ಮೇಲೆ ಲೆಕ್ಕ ಹಾಕಿಯೇ ತೋರಿಸಿದರು. ಇಂಧನ, ಭಾರ, ರನ್‌ವೇಯ ಉದ್ದ, ಹವಾಮಾನ ಇವುಗಳ ಲೆಕ್ಕವೇ ಸಾರಿಗೆ ಪೈಲಟ್‌ನ ವೃತ್ತಿ ಎನ್ನುವುದು ಮಕ್ಕಳಿಗೆ ಮನದಟ್ಟಾಯಿತು.

ಇದೇ ಲೇಹ್‌ನಲ್ಲಿ 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಕೂರಿಸಿಕೊಂಡು ಮರಳಿನ ಪಟ್ಟಿಯ ಮೇಲೆ ಡಕೋಟಾ ವಿಮಾನ ಇಳಿಸಿದ್ದನ್ನೂ, 2013ರ ಆಗಸ್ಟ್‌ನಲ್ಲಿ ಲಡಾಖ್‌ನ 16,614 ಅಡಿ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಸಿ-130ಜೆ ಸಾರಿಗೆ ವಿಮಾನ ಇಳಿದದ್ದನ್ನೂ ಅವರು ಅದೇ ಲೆಕ್ಕದ ಮುಂದುವರಿಕೆಯಾಗಿ ವಿವರಿಸಿದರು. 1988ರ ನವೆಂಬರ್ 3ರ ರಾತ್ರಿ ದಂಗೆ ಅಡಗಿಸಲು ಆಗ್ರಾದಿಂದ ಮಾಲ್ಡೀವ್ಸ್‌ಗೆ ಪ್ಯಾರಾ ಸೈನಿಕರನ್ನು ಒಯ್ದ ಐಎಲ್-76ಗಳ ಪ್ರಸಂಗಕ್ಕೆ ಮಾತ್ರ ಸಮಯ ಸಾಲಲಿಲ್ಲ.

ಉಪಯುಕ್ತ ಮಾಹಿತಿಯೂ ಸಿಕ್ಕಿತು. ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಮೊದಲ ಹಂತ ಮುಗಿಸಿದವರಲ್ಲಿ ಸಾರಿಗೆ ವಿಭಾಗಕ್ಕೆ ಆಯ್ಕೆಯಾದವರು ನಮ್ಮ ಯಲಹಂಕದಲ್ಲೇ ಕಲಿಯುತ್ತಾರೆ. ಆಯ್ಕೆ ಮಂಡಳಿಯ ಸಂದರ್ಶನ ಮೈಸೂರಿನಲ್ಲೂ ನಡೆಯುತ್ತದೆ. ಪೈಲಟ್ ಯೋಗ್ಯತಾ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾದರೆ ಮತ್ತೆ ಬರೆಯುವ ಅವಕಾಶವೇ ಇಲ್ಲ. ಹೆಣ್ಣುಮಕ್ಕಳ ಪ್ರಶ್ನೆಗಳಿಗೆ ಅವರು ಅವಸರವಿಲ್ಲದೆ ಉತ್ತರಿಸಿದರು. ತೊಂಬತ್ತರ ದಶಕದಿಂದಲೂ ಮಹಿಳೆಯರು ಸಾರಿಗೆ ವಿಮಾನ ಹಾರಿಸುತ್ತಿದ್ದಾರೆ ಎಂಬುದು ಅಲ್ಲಿದ್ದ ಎಷ್ಟೋ ಪಾಲಕರಿಗೆ ಹೊಸ ಸಂಗತಿಯಾಗಿತ್ತು.

ಮಧ್ಯಾಹ್ನದ ಅವಧಿಯ ಬಗ್ಗೆ ಒಳ್ಳೆಯದನ್ನು ಹೇಳಲಾರೆ. ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಕಟ್ಟನ್ನು ಬೇರೆ ದುಡ್ಡಿಗೆ ಮಾರುವುದು, ಮುಂದಿನ ಕೋರ್ಸಿನ ಪ್ರಚಾರ ಮಾಡುವುದು ಇವೆರಡೇ ಅಲ್ಲಿ ನಡೆದವು. ಅಂಕೋಲಾ, ಕುಮಟಾ ಕಡೆಯಿಂದ ಬಸ್ಸಿನಲ್ಲಿ ಬರುವವರು ಊಟದ ಹೊತ್ತಿಗೇ ಹೊರಟರೂ ನಷ್ಟವಿಲ್ಲ. ಮುಂದಿನ ಶಿಬಿರಕ್ಕೆ ಹೆಸರು ಕೊಡುವ ಮುನ್ನ ಅದೇ ಅಧಿಕಾರಿ ಬರುತ್ತಾರೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಿ; ಅವರಿಲ್ಲದಿದ್ದರೆ ಶುಲ್ಕ ದುಬಾರಿಯೇ.