ಊದಿನಕಡ್ಡಿ ವಾಸನೆಯ ರೊಟ್ಟಿ: ಪಾರ್ಟ್ ಲೋಡೋ, ಫುಲ್ ಗಾಡಿಯೋ?

ಹತ್ತು ಜನರ ಮಾಲಿನ ಜೊತೆ ನಮ್ಮದನ್ನೂ ಹೇರಿ ಕಳಿಸುವುದು ಪಾರ್ಟ್ ಲೋಡ್, ಇಡೀ ಗಾಡಿ ನಮ್ಮ ಮಾಲಿಗೇ ಹಿಡಿಯುವುದು ಫುಲ್ ಗಾಡಿ. ಮೊದಲೇ ಹೇಳಿಬಿಡುತ್ತೇನೆ, ನಾನು ಫುಲ್ ಗಾಡಿಯ ಕಡೆಯವಳು. ಕಳೆದ ದೀಪಾವಳಿಯ ತನಕ ಹಾಗಿರಲಿಲ್ಲ. ವಿಜಯಪುರದಿಂದ ಬೆಂಗಳೂರಿನ ಅಂಗಡಿಗಳಿಗೆ ಖಡಕ್ ರೊಟ್ಟಿ ಕಳಿಸುವುದು ನಮ್ಮ ದಂಧೆ. ವಾರಕ್ಕೆ ಅರವತ್ತು ನಗ, ಅಂದರೆ ಡಬ್ಬಿ, ಆದಂತೆಲ್ಲ ಪಾರ್ಸೆಲ್ ಆಫೀಸಿನಲ್ಲಿ ಪಾರ್ಟ್ ಲೋಡಿಗೆ ಹಾಕಿ, ಎಲ್‌ಆರ್ (ಮಾಲು ಒಪ್ಪಿಸಿದ್ದಕ್ಕೆ ಕೊಡುವ ರಶೀದಿ) ಇಸಿದುಕೊಂಡು ಮನೆಗೆ ಬರುತ್ತಿದ್ದೆ.

ಆ ವಾರ ಬೆಂಗಳೂರಿನ ಅಂಗಡಿಯವರು ಫೋನ್ ಮಾಡಿದರು. ಅವರೂ ನಮ್ಮ ಕಡೆಯವರೇ. "ಅಕ್ಕಾರ, ಈ ಸಲದ ರೊಟ್ಟಿ ತಿಂದ್ರ ಗುಡಿಯೊಳಗ ಕುಂತಂಗ ಆಗ್ತೈತ್ರಿ" ಅಂದರು. ನನಗೆ ಅರ್ಥವಾಗಲಿಲ್ಲ. ಹದಿನಾಲ್ಕು ನಗ ವಾಪಸ್ ಬಂದವು. ಒಂದು ಡಬ್ಬಿಯ ಟೇಪು ಬಿಚ್ಚಿದೆ, ಗಮ್ಮೆಂದು ಊದಿನಕಡ್ಡಿ ವಾಸನೆ! ಪ್ಲಾಸ್ಟಿಕ್ ಪಾಕೀಟಿನೊಳಗಿನ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರೆ ನಾಲಿಗೆಯ ಮೇಲೂ ಅದೇ. ಹುಬ್ಬಳ್ಳಿಯ ಗೋಡೌನಿನಲ್ಲಿ ನಾಲ್ಕು ದಿನ ಊದಿನಕಡ್ಡಿಯ ಬಂಡಲ್‌ಗಳಿಗೆ ಒತ್ತಿಕೊಂಡು ಕೂತಿದ್ದವಂತೆ.

ಆಫೀಸಿಗೆ ಹೋಗಿ ಜಗಳ ತೆಗೆದೆ. "ನಗ ಎಲ್ಲಾ ಬಂದಾವಿಲ್ರಿ? ಎಣಿಸ್ಕೋರಿ" ಅಂದ ಗುಮಾಸ್ತ. ನಗವೇನೋ ಬಂದಿದ್ದವು. ವಾಸನೆಗೆ ಎಲ್‌ಆರ್‌ನಲ್ಲಿ ಕಾಲಂ ಇಲ್ಲ. ಮೇಲೆ 'ಓನರ್ಸ್ ರಿಸ್ಕ್', ಅಂದರೆ ಕೆಟ್ಟರೆ ಮಾಲಿನವರದೇ ಹೊಣೆ, ಅಂತ ಸಿಕ್ಕಾ ಬೇರೆ. ಮಾಲು ಹಾಳಾದರೂ, ಬೆಲೆ ಬರೆಸಿ ಹೆಚ್ಚಿನ ರಿಸ್ಕಿನ ದರ ಕಟ್ಟಿರದಿದ್ದರೆ, 2007ರ ಕ್ಯಾರಿಯೇಜ್ ಬೈ ರೋಡ್ ಕಾಯ್ದೆಯ ಪ್ರಕಾರ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಅದಕ್ಕೂ ಬುಕ್ ಮಾಡಿದ 180 ದಿನದೊಳಗೆ ನೋಟಿಸ್ ಕೊಡಬೇಕು. ರೊಟ್ಟಿ ಬಡಿಯುವುದು ಬಿಟ್ಟು ನೋಟಿಸ್ ಬರೆಯುತ್ತ ಕೂರಲೇ?

ಪುಡಿಯಾಗುವುದು ಇನ್ನೊಂದು ಗೋಳು. ಮನೆಯಿಂದ ಹೊರಟ ಡಬ್ಬಿ ಅಂಗಡಿ ಮುಟ್ಟುವುದರೊಳಗೆ ಏರಿಸಿದ್ದು, ಇಳಿಸಿದ್ದು ಸೇರಿ ಎಂಟು ಸಲ ಕೈ ಬದಲಾಗುತ್ತದೆ. ಫುಲ್ ಗಾಡಿಯಲ್ಲಿ ಎರಡೇ ಸಲ. ಹಮಾಲರನ್ನು ಬೈದು ಉಪಯೋಗವಿಲ್ಲ, ಪಂಪ್‌ಸೆಟ್ಟೂ ರೊಟ್ಟಿಯೂ ಒಂದೇ ಗಾಡಿಯಲ್ಲಿ ಬಂದರೆ ಅವರಾದರೂ ಏನು ಮಾಡಿಯಾರು.

ಇನ್ನು ದುಡ್ಡು. ನಮ್ಮ ಡಬ್ಬಿ ಮೂರೂ ಕಡೆ 18 ಇಂಚು, ತೂಕ 9 ಕಿಲೋ. ಆದರೆ ಪಾರ್ಟ್ ಲೋಡಿನವರು ಘನ ಅಡಿಗೆ 8 ಕಿಲೋ ಲೆಕ್ಕ ಹಿಡಿದು 27 ಕಿಲೋಗೆ ಬಿಲ್ ಮಾಡುತ್ತಿದ್ದರು. ಕಿಲೋಗೆ 7 ರೂಪಾಯಿಯಂತೆ ನಗಕ್ಕೆ 189. ಗಾಳಿಗೂ ಬಾಡಿಗೆ! ಹದಿನಾಲ್ಕು ಅಡಿ ಗಾಡಿ ಪೂರ್ತಿ ಹಿಡಿದರೆ 16,000, ಒತ್ತಿ ಜೋಡಿಸಿದರೆ 130 ನಗ ಕೂರುತ್ತವೆ. ಅಂದರೆ 85 ನಗ ದಾಟಿದ ಮೇಲೆ ಫುಲ್ ಗಾಡಿಯೇ ಅಗ್ಗ. ಬೆಂಗಳೂರಿನಿಂದ ಮಾಲು ತಂದು ಖಾಲಿ ಹೊರಟ ರಿಟರ್ನ್ ಗಾಡಿ 12,000ಕ್ಕೂ ಸಿಕ್ಕಿದೆ. ದ್ರಾಕ್ಷಿ ಸುಗ್ಗಿಯಲ್ಲಿ ಮಾತ್ರ ಆ ಆಸೆ ಬಿಡಿ.

ಫುಲ್ ಗಾಡಿಯೇನೂ ದೇವರಲ್ಲ. ಇಳಿಸುವುದು ತಡವಾದರೆ ಹಾಲ್ಟಿಂಗ್ ದುಡ್ಡು ಕೇಳುತ್ತಾರೆ. ಹಿಂದಿನ ಟ್ರಿಪ್ಪಿನಲ್ಲಿ ಏನು ಹೇರಿದ್ದರು ಅಂತ ನಾವೇ ನೋಡಬೇಕು. ನಾನಂತೂ ಚಪ್ಪಲಿ ಬಿಟ್ಟು ಗಾಡಿ ಹತ್ತಿ, ಮೂಲೆಗೆ ಹೋಗಿ ಮೂಸಿ ನೋಡುತ್ತೇನೆ. ಒಮ್ಮೆ ಯೂರಿಯಾ ಹೇರಿದ್ದ ಗಾಡಿ ಬಂದಿತ್ತು, ಅಂಗಾಲಿಗೆ ಬಿಳಿ ಹರಳು ಅಂಟಿದವು. ಡ್ರೈವರ್ ನಕ್ಕ, ನಾನು ಗಾಡಿ ತಿರುಗಿಸಿ ಕಳಿಸಿದೆ.

ನಮ್ಮ ರೊಟ್ಟಿ ಎರಡು ತಿಂಗಳು ಕೆಡುವುದಿಲ್ಲ, ಹಾಗಾಗಿ ಹದಿನೈದು ದಿನ ಕಾಯ್ದು 120 ನಗ ಕೂಡಿಸುತ್ತೇನೆ. ಅಂಗಡಿಯವರ ದುಡ್ಡೂ ಹದಿನೈದು ದಿನ ತಡ, ಅದು ನನಗೆ ನಡೆಯುತ್ತದೆ. ದಿನದಿನದ ರೊಕ್ಕದ ಮೇಲೆ ಹಿಟ್ಟು ತರುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರು ಪಾರ್ಟ್ ಲೋಡಿಗೇ ಹಾಕಲಿ, ಆದರೆ ಗೋಡೌನಿನಲ್ಲಿ ಎಷ್ಟು ದಿನ ಬಿದ್ದಿರುತ್ತದೆಂದು ಕೇಳಿಯೇ ಹಾಕಲಿ. ಹತ್ತಿಪ್ಪತ್ತು ನಗದ ಅವಸರದ ಆರ್ಡರ್ ಬಂದರೆ ನಾನು ರಾತ್ರಿ ಬಸ್ಸಿಗೆ ಹಾಕುತ್ತೇನೆ.

ವಾಪಸ್ ಬಂದ ಹದಿನಾಲ್ಕು ನಗವನ್ನು ಒಗ್ಗರಣೆ ಹಾಕಿಯಾದರೂ ತಿನ್ನೋಣವೆಂದು ನೋಡಿದೆವು. ಬೆಳ್ಳುಳ್ಳಿಗೂ ಆ ವಾಸನೆ ಬಗ್ಗಲಿಲ್ಲ. ಕೊನೆಗೆ ಎಮ್ಮೆಗೆ ಹಾಕಿದೆವು.